ಐದು ಅಪರಿಚಿತರು, ಒಂದು ಕೊಬ್ಬರಿ

ನನಗೆ ಕೋಡ್ ಬರೆಯಲು ಬರುವುದಿಲ್ಲ, ಓದಿದ್ದು ಇತಿಹಾಸ. ಆದರೂ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಆ್ಯಪುಗಳಿಗೆ ವಿನ್ಯಾಸ ಮಾಡಿಕೊಡುವ, ನಾನಾ ದೇಶದವರಿರುವ ಆನ್‌ಲೈನ್ ಗುಂಪೊಂದನ್ನು ಸೇರಿದೆ. ಅದಕ್ಕೆ ಕಾರಣ ಒತ್ತಕ್ಷರಗಳು. ಮಾರುಕಟ್ಟೆ ಧಾರಣೆ ತೋರಿಸುವ ಅವರ ಆ್ಯಪಿನಲ್ಲಿ ಕನ್ನಡದ ಒತ್ತುಗಳೆಲ್ಲ ಬಟನ್ನಿನ ತಳದಲ್ಲಿ ಅರ್ಧಕ್ಕೆ ಕತ್ತರಿಸಿಹೋಗಿದ್ದವು. ಪರದೆಯ ಚಿತ್ರ ತೆಗೆದು, ಎರಡು ಸಾಲು ಬರೆದು ಕಳಿಸಿದೆ. ಮೂರೇ ದಿನಕ್ಕೆ ಬಟನ್ನು ಎತ್ತರವಾಯಿತು! ತಪ್ಪು ತೋರಿಸುವುದೂ ಕೆಲಸವೇ ಎಂದರು. ಮುಖ ತೋರಿಸಬೇಕಿಲ್ಲ, ಮಾತಾಡಬೇಕಿಲ್ಲ. ನನಗೆ ಹೇಳಿ ಮಾಡಿಸಿದ ಜಾಗ.

ಅದೇ ಆ್ಯಪಿನಲ್ಲಿ ಕೊಬ್ಬರಿಯ ಹೆಸರಿನ ಪಕ್ಕ ಸ್ಟ್ರಾ ಚುಚ್ಚಿದ ಎಳನೀರಿನ ಚಿತ್ರವಿತ್ತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು ಇದನ್ನು ಹೇಗೆ ಸಹಿಸಲಿ? ಕಂದು ಬಣ್ಣದ ಉಂಡೆ ಕೊಬ್ಬರಿಯೊಂದರ ಚಿತ್ರ ಬರೆದು ಕಳಿಸಿದೆ. ಉತ್ತರ ಬಂತು: ‘ಚೆನ್ನಾಗಿದೆ. ಏನೆಂದು ಹೇಳದೆ ಐದು ಅಪರಿಚಿತರಿಗೆ ತೋರಿಸಿ, ಅವರು ಅಂದದ್ದನ್ನು ಹಾಗೇ ಬರೆದು ಕಳಿಸಿ. ಮೂವರು ಗುರುತಿಸಿದರೆ ಸೇರಿಸುತ್ತೇವೆ.’

ಅಪರಿಚಿತರು! ಹಿಂದೊಮ್ಮೆ ಬಸ್ಸಿನಲ್ಲಿ ‘ಸ್ಟಾಪ್’ ಎಂದು ಕೂಗಲಾರದೆ ಜಾವಗಲ್ಲಿನಲ್ಲಿ ಇಳಿಯಬೇಕಾದವಳು ಹಳೇಬೀಡಿನವರೆಗೆ ಹೋಗಿದ್ದೆ. ಆದರೆ ನನ್ನ ಕೊಬ್ಬರಿ ಆ ಎಳನೀರನ್ನು ಓಡಿಸಲೇಬೇಕಿತ್ತು. ಭಾನುವಾರ ಬೇಲೂರು ಬಸ್ಸು ಹತ್ತಿದೆ.

ಪಕ್ಕದ ಸೀಟಿನ ಅಜ್ಜ ಫೋನನ್ನು ದೂರ ಹಿಡಿದು ನೋಡಿದರು. “ಆಲೂಗೆಡ್ಡೆ ಅಲ್ವೇನವ್ವಾ?”

ಮುಂದಿನ ಸೀಟಿನ ಹುಡುಗಿ ತಿರುಗಿ ಇಣುಕಿದಳು. “ರವೆ ಉಂಡೆ, ಅಕ್ಕಾ. ಸ್ವಲ್ಪ ಸೀದಿದೆ.”

ಕಂಡಕ್ಟರ್ ಕೇಳದಿದ್ದರೂ ಬಗ್ಗಿದರು. “ಕಲ್ಲು ಕಣ್ರೀ ಮೇಡಂ. ಹಳೇಬೀಡಲ್ಲಿ ಇಂಥವು ಬೇಕಾದಷ್ಟವೆ.”

ಮೂವರೂ ತಪ್ಪು ಹೇಳಿದರು. ಲೆಕ್ಕ ಅಲ್ಲಿಗೇ ಮುಗಿಯಿತು. ಜಾವಗಲ್ಲಿನಲ್ಲಿ ಹತ್ತಿ ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನ ಮುಖ ನೋಡಿ, “ಏನದು, ನೀನೇ ಹೇಳಿಬಿಡವ್ವ” ಎಂದರು. ನಿಯಮ ಮುರಿದು ಹೇಳಿಬಿಟ್ಟೆ.

“ಕೊಬ್ಬರಿಯಾ!” ಅವರು ಸೀಟು ಅದುರುವಂತೆ ನಕ್ಕರು. ತಮ್ಮ ಚೀಲದಿಂದ ಚಿಪ್ಪು ಒಡೆಯದ ಕಾಯಿಯೊಂದನ್ನು ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಲೊಟ ಲೊಟ. “ಚಿಪ್ಪು ಬಿಟ್ಟು ಒಳಗೆ ಓಡಾಡ್ತಾ ಐತೆ, ಕೇಳು. ಆವಾಗಲೇ ಅದು ಕೊಬ್ಬರಿ. ನೀನು ಚಿಪ್ಪೇ ಬರೆದಿಲ್ವಲ್ಲೇ!”

ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ನಮ್ಮ ಅಂಗಡಿಗೆ ಬರುವುದು ಚಿಪ್ಪು ಬಿಡಿಸಿದ ಬರಿಯ ಉಂಡೆ. ಅದಕ್ಕೂ ಮೊದಲು ಹತ್ತಿರ ಹತ್ತಿರ ಒಂದು ವರ್ಷ ಅದು ಬೆಳೆದವರ ಅಟ್ಟದಲ್ಲಿ ಚಿಪ್ಪಿನೊಳಗೇ ಒಣಗಿರುತ್ತದೆ ಎಂಬುದು ಗೊತ್ತಿದ್ದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೇಲೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲೇ ಹೊಸದಾಗಿ ಬರೆದೆ. ಅರ್ಧ ಒಡೆದ ಚಿಪ್ಪು, ನಡುವೆ ಸಡಿಲವಾಗಿ ಕೂತ ಉಂಡೆ, ಸುತ್ತ ತೆಳುವಾದ ಸಂದು. ಹಿಂದಿರುಗುವ ಬಸ್ಸಿನಲ್ಲಿ ಕೇಳಲು ಅಂಜಿಕೆಯೇ ಆಗಲಿಲ್ಲ. ಕುಡಿದವಳಂತೆ ಸೀಟಿನಿಂದ ಸೀಟಿಗೆ ಹೋದೆ.

“ಕೊಬ್ಬರಿ.”

“ಕೊಬ್ಬರಿ ಕಣಮ್ಮ, ಇನ್ನೇನು?”

“ಕೊಬ್ಬರೀನೇ. ಆದ್ರೆ ಸರಿಯಾಗಿ ಒಣಗಿಲ್ಲ” ಎಂದರು ಟವೆಲ್ ಹೊದ್ದವರೊಬ್ಬರು. “ಇನ್ನೊಂದು ತಿಂಗಳು ಅಟ್ಟದಲ್ಲಿರಬೇಕಿತ್ತು.”

“ಏನ್ಲಾ, ಚಿತ್ರ ನೋಡಿ ಹೇಳ್ತೀಯಾ?” ಪಕ್ಕದವರು ರೇಗಿಸಿದರು. “ಬಣ್ಣ ನೋಡು, ಚೆನ್ನಾಗೇ ಒಣಗೈತೆ!”

ಇಬ್ಬರೂ ನನ್ನ ಫೋನನ್ನು ಕಿತ್ತಾಡಿಕೊಂಡು ನೋಡುತ್ತ ಹಳೇಬೀಡಿನವರೆಗೆ ವಾದ ಮಾಡಿದರು. ಐದನೆಯವರಿಗೆ ತೋರಿಸಲು ಫೋನು ವಾಪಸ್ಸು ಸಿಗುವುದೇ ಕಷ್ಟವಾಯಿತು. ಆ ಐದನೆಯವರು ಮಾತ್ರ ಹಕ್ಕಿಯ ಗೂಡು ಎಂದರು. ಅದನ್ನೂ ಬರೆದುಕೊಂಡೆ.

ಎಲ್ಲರ ಮಾತನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದು ಕಳಿಸಿದೆ. ಮಾರನೆಯ ದಿನ ಆ್ಯಪಿನಲ್ಲಿ ಎಳನೀರು ಇರಲಿಲ್ಲ, ನನ್ನ ಕೊಬ್ಬರಿ ಇತ್ತು. ಎಲ್ಲೋ ಸಮುದ್ರದಾಚೆ ಕೂತು ಅದನ್ನು ಸೇರಿಸಿದವರು ಕೆಳಗೊಂದು ಸಾಲಿನಲ್ಲಿ ಗಂಭೀರವಾಗಿಯೇ ಕೇಳಿದ್ದರು: ‘ಬಣ್ಣವನ್ನು ಇನ್ನೊಂದು ತಿಂಗಳಷ್ಟು ಒಣಗಿಸಬೇಕೇ?’