ಜ್ಲಾಟ್ಕಾ ಟವೆಲು ಬಿಚ್ಚಿದ್ದು

ಈಗ ಮನೆಮನೆಗೂ ಬಿಸಿನೀರಿನ ನಲ್ಲಿ ಬಂದಿದೆ. ಆಗ ಇಡೀ ಊರಿನ ಹೆಂಗಸರು ಶನಿವಾರ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಗೇ ಬರಬೇಕಿತ್ತು. ಬಟ್ಟೆಯ ಜೊತೆಗೆ ದೊಡ್ಡಸ್ತಿಕೆಯನ್ನೂ ಬಾಗಿಲಲ್ಲೇ ಕಳಚಿಟ್ಟು ಒಳಗೆ ಹೋಗುತ್ತಿದ್ದರು. ಎಂಥ ಸುಖದ ಶನಿವಾರಗಳು ಅವು! ಅಲ್ಲಿ ಎಲ್ಲರ ಬೆನ್ನು ಉಜ್ಜುವ ಕೆಲಸಕ್ಕಿದ್ದ ಜ್ಲಾಟ್ಕಾಳ ಬೆನ್ನು ಉಜ್ಜುತ್ತಿದ್ದವಳು ಒಬ್ಬಳೇ, ಬೇಕರಿಯ ದೋಂಕಾ. ಇಬ್ಬರಲ್ಲಿ ಮೊದಲು ಬಂದವಳು ಇನ್ನೊಬ್ಬಳು ಕೂರುವ ಕಲ್ಲಿಗೆ ಒಂದು ಬೋಗುಣಿ ಬಿಸಿನೀರು ಸುರಿದು ಬೆಚ್ಚಗೆ ಮಾಡಿಡುವುದು ಹುಡುಗಾಟದ ವಯಸ್ಸಿನಿಂದ ನಡೆದುಬಂದ ಅಭ್ಯಾಸ.

ಗರ್ಭಕಂಠದ ಕ್ಯಾನ್ಸರ್ ಮೊದಲು ಬಂದದ್ದು ದೋಂಕಾಳಿಗೆ. ರಾಜಧಾನಿ ಸೋಫಿಯಾಕ್ಕೆ ಹೋಗಿ, ಹೊಟ್ಟೆಗೆ ಸಣ್ಣ ತೂತು ಮಾಡಿಸಿ ಗರ್ಭಕೋಶ ತೆಗೆಸಿಕೊಂಡು ಬಂದಳು.

"ನೋಡೇ, ಸೊಳ್ಳೆ ಕಚ್ಚಿದಷ್ಟೂ ಇಲ್ಲ" ಎಂದು ಎಲ್ಲರಿಗೂ ಹೊಟ್ಟೆ ತೋರಿಸಿದಳು.

ಎರಡು ವರ್ಷಕ್ಕೆ ಜ್ಲಾಟ್ಕಾಳಿಗೂ ಅದೇ ಕಾಯಿಲೆ. ಅವಳೂ ತೂತಿನ ಆಪರೇಷನ್ನೇ ಕೇಳಿದಳು. ಊರಿನ ಆಸ್ಪತ್ರೆಯ ಡಾಕ್ಟರ್ ಕಾಲಿನೊವ್, ಅಲ್ಲಿಯವರು ಇಲ್ಲ ಎನ್ನುವಾಗ ಮಾಡುವಂತೆ ಗಲ್ಲ ಮೇಲೆತ್ತಿ, ಬೇಡ ಎಂದರು.

"ಮೊನ್ನೆಮೊನ್ನೆವರೆಗೆ ನಾನೂ ಹಾಗೇ ಮಾಡ್ತಿದ್ದೆ ಅಮ್ಮ. ಈಗ ಎರಡೂ ಥರ ಮಾಡಿಸ್ಕೊಂಡೋರನ್ನ ಹೋಲಿಸಿ ನೋಡಿದಾರೆ. ತೂತಲ್ಲಿ ಮಾಡಿದೋರಿಗೆ ಈ ಕಾಯಿಲೆ ವಾಪಸ್ ಬಂದಿದ್ದು ಜಾಸ್ತಿ. ಹೊಟ್ಟೆ ತೆರೆದೇ ಮಾಡೋಣ."

"ಆ ಮಿಷನ್ ನಿಮ್ಮಲ್ಲಿಲ್ಲ ಅನ್ನೋಕೆ ಇಷ್ಟು ಸುತ್ತಿ ಬಳಸಬೇಕಾ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟಳು. ಕೊನೆಗೆ ಜೀವದಾಸೆ ಗೆದ್ದಿತು. ಒಪ್ಪಿದಳು.

ಚೇತರಿಸಿಕೊಳ್ಳಲು ಚಳಿಗಾಲವೇ ಬೇಕಾಯಿತು. ಮತ್ತೆ ಸ್ನಾನಕ್ಕಿಳಿದಾಗ ಸೊಂಟಕ್ಕೆ ಟವೆಲು ಬಿಗಿದಿದ್ದಳು.

"ನನ್ನ ಮುಂದೆ ಏನೇ ನಾಚಿಕೆ? ಹಿಟ್ಟಿನ ಮೂಟೆ ಹೊಲಿದ ಹಾಗೆ ಹೊಲಿದುಬಿಟ್ರಾ?" ಎಂದಳು ದೋಂಕಾ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಜ್ಲಾಟ್ಕಾಳಿಗೆ ಅಳುವೇ ಬಂತು. ಅಂದಿನಿಂದ ಟವೆಲು ಬಿಚ್ಚಲಿಲ್ಲ.

ಮರುವರ್ಷ ದೋಂಕಾ ಸೊರಗತೊಡಗಿದಳು. ಕಾಯಿಲೆ ತಿರುಗಿ ಬಂದಿತ್ತು. ಒಂದು ಶನಿವಾರ ಜ್ಲಾಟ್ಕಾ ಅವಳ ಬೆನ್ನು ಉಜ್ಜುತ್ತಿದ್ದಳು. ಎಲುಬು ಕೈಗೆ ತಾಗುತ್ತಿತ್ತು. ದೋಂಕಾ ತಿರುಗಿ ಕೂತು, ತಾನೇ ಗೆಳತಿಯ ಟವೆಲು ಬಿಚ್ಚಿ, ಹೊಕ್ಕುಳಿನಿಂದ ಕೆಳಗಿಳಿದ ಗಾಯದ ಗೆರೆಯ ಮೇಲೆ ಒದ್ದೆ ಬೆರಳಾಡಿಸಿದಳು.

"ಇದನ್ನ ಮುಚ್ಚಬೇಡ ಕಣೇ. ನಂಗೂ ಇಂಥದ್ದೊಂದು ಇರಬಾರದಿತ್ತಾ?"

ಇದ್ದಿದ್ದರೆ ಉಳಿಯುತ್ತಿದ್ದಳೆಂದು ಯಾರೂ ಆಣೆಯಿಟ್ಟು ಹೇಳಲಾರರು. ಜ್ಲಾಟ್ಕಾ ಮಾತ್ರ ಉಳಿದಳು.

ಈಗ ಸ್ನಾನಕ್ಕೆ ಬರುವವರು ಬೆರಳೆಣಿಕೆಯಷ್ಟು. ತಲೆ ನರೆತ ಜ್ಲಾಟ್ಕಾ ಟವೆಲನ್ನು ಗೂಟಕ್ಕೆ ಹಾಕಿ ಹಾಗೇ ಒಳಗೆ ಹೋಗುತ್ತಾಳೆ. ಪಕ್ಕದ ಕಲ್ಲಿಗೆ ಒಂದು ಬೋಗುಣಿ ಬಿಸಿನೀರು ಸುರಿದು ಕೂರುತ್ತಾಳೆ. ಅದು ಆರುವವರೆಗೆ ಅಲ್ಲಿ ಯಾರೂ ಕೂರುವುದಿಲ್ಲ.