ಕೌದಿ ಬಿಚ್ಚಿದ ಹೆಂಗಸರು

ಕೆಜಾಯಾಳ ಗಂಡ ಎಲ್ಕಾನಾ ಒಂದು ಹಡಗಿನ ಕ್ಯಾಪ್ಟನ್ ಆಗಿದ್ದವನು. ಜಾವಾದ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡ. ಅಮೆರಿಕದ ಕಡಲತೀರದ ಕೇಪ್ ಕಾಡ್‌ನಲ್ಲಿದ್ದ ಮನೆಗೆ ಅವನ ಪೆಟ್ಟಿಗೆ ಮಾತ್ರ ಬಂತು. ಒಳಗೆ ಎರಡು ಅಂಗಿ, ಒಂದು ದುರ್ಬೀನು, ಮಿಕ್ಕಿದ್ದೆಲ್ಲ ಹಡಗಿನ ಲೆಕ್ಕಪತ್ರದ ಕಾಗದ.

ಕಾಗದ ದುಬಾರಿಯಾಗಿದ್ದ ಕಾಲ. ಕ್ಯಾಪ್ಟನ್ ಸತ್ತರೆ, ದುಃಖದ ದಿನಗಳಲ್ಲಿ ಊಟ ತಂದುಕೊಟ್ಟ ಮನೆಗಳಿಗೆ ಅವನ ಹಳೆಯ ಕಾಗದ ಹಂಚುವುದು ಆ ಊರಿನ ಪದ್ಧತಿ. ಹೆಂಗಸರು ಅದನ್ನು ಆರು ಮೂಲೆಯ ಚೂರುಗಳಾಗಿ ಕತ್ತರಿಸಿ, ಮೇಲೆ ಬಟ್ಟೆ ಮಡಿಸಿ, ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಕಾಗದ ಒಳಗೇ ಉಳಿದರೆ ಬೆಚ್ಚಗೆ. ಕೆಜಾಯಾಳೂ ಮನಸಾರೆ ಹಂಚಿದಳು. ಹಸುಗೂಸು ಕಟ್ಟಿಕೊಂಡು ಕೂತಿದ್ದ ಅವಳ ಒಲೆ ಆರದಂತೆ ನೋಡಿಕೊಂಡವರು ಅವರೇ ತಾನೇ.

ಮರುವರ್ಷ ಚಳಿ ಹಿಡಿಯುವ ಹೊತ್ತಿಗೆ ಕೆಟ್ಟ ಸುದ್ದಿ ಬಂತು. ಅವಳ ತಮ್ಮ ಜೇಬೆಜ್‌ನನ್ನು ಇಂಗ್ಲೆಂಡಿನ ಯುದ್ಧನೌಕೆಯವರು ನಡುಸಮುದ್ರದಲ್ಲಿ ತಡೆದು, ನೀನು ನಮ್ಮ ದೇಶದವನೇ ಎಂದು ದುಡಿಸಿಕೊಳ್ಳಲು ಎಳೆದೊಯ್ದಿದ್ದರು. ಕೆಜಾಯಾ ಮಗುವನ್ನೆತ್ತಿಕೊಂಡು ಸುಂಕದ ಕಟ್ಟೆಗೆ ಓಡಿದಳು.

"ಅವ್ನು ಇಲ್ಲೇ ಹುಟ್ಟಿದ್ದು ಅಂತ ಊರಿಗೆಲ್ಲ ಗೊತ್ತು ಕಣಮ್ಮ," ಎಂದ ಅಧಿಕಾರಿ ಪೀಲೆಗ್. "ಆದ್ರೆ ಬಾಯಿಮಾತನ್ನ ಅವ್ರು ಕೇಳಲ್ಲ. ಅವ್ನು ಮೊದ್ಲು ದುಡೀತಿದ್ದ ನಿಮ್ಮ ಯಜಮಾನ್ರ ಹಡಗಿನ ಆಳುಗಳ ಪಟ್ಟೀಲಿ ಅವ್ನ ಊರು, ಎತ್ತರ, ಮೈಮೇಲಿನ ಗುರ್ತು ಎಲ್ಲ ಇರುತ್ತೆ. ನಮ್ಮ ಪ್ರತಿ ಬೆಂಕೀಲಿ ಹೋಯ್ತು. ನಿಮ್ಮದು ತನ್ನಿ, ಮೊಹರು ಒತ್ತಿ ಕಳಿಸ್ತೀನಿ."

ಪಟ್ಟಿ ಊರವರ ಹಾಸಿಗೆಯ ಮೇಲಿತ್ತು. ಹಿಮ ಬೀಳುವ ಮುಂದೆ, ಹೊದ್ದಿದ್ದನ್ನು ಬಿಚ್ಚಿಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ನೆರೆಮನೆಯ ಡಾರ್ಕಸ್ ಅಜ್ಜಿಯ ಬಾಗಿಲಲ್ಲಿ ನಿಂತು ಅವಳು ಗಾಳಿ, ಮೀನು ಎಂದು ಏನೇನೋ ಮಾತಾಡಿದಳು.

"ಅಯ್ಯೋ, ಒಳಗ್ ಬಾರೆ," ಎಂದಳು ಅಜ್ಜಿ. ಸುದ್ದಿ ಅವಳಿಗಾಗಲೇ ಮುಟ್ಟಿತ್ತು. ಕೌದಿ ಮಡಿಲಲ್ಲಿತ್ತು, ಕತ್ತರಿ ಕೈಯಲ್ಲಿತ್ತು. "ನಮ್ಮ ಮುದುಕ ಒಂದ್ ಚಳಿಗಾಲ ನಡುಗ್ಲಿ ಬಿಡು. ಇಷ್ಟು ವರ್ಷ ಗೊರಕೆ ಹೊಡ್ದು ನನ್ನ ನಿದ್ದೆ ಕೆಡಿಸಿಲ್ವಾ?"

ಮಧ್ಯಾಹ್ನಕ್ಕೆ ಹೆಂಗಸರು ಹೆಗಲ ಮೇಲೆ ಕೌದಿ ಹೊತ್ತು ಕೆಜಾಯಾಳ ಅಡುಗೆಮನೆಗೆ ಬಂದರು. ಹೊಲಿಗೆ ಬಿಚ್ಚಿದಂತೆ ಮೆಣಸಿನ ಧಾರಣೆ, ಗಾಳಿಯ ದಿಕ್ಕು, ಹರಿದ ಹಾಯಿಯ ಲೆಕ್ಕ ಉದುರಿದವು. ಕೊನೆಗೆ ಒಂದು ಚೂರಿನಲ್ಲಿ ಜೇಬೆಜ್‌ನ ಹೆಸರು. ಇನ್ನೊಂದರಲ್ಲಿ, ಗಲ್ಲದ ಮೇಲೆ ಕಲೆ.

"ಇದು ಅವ್ನೇ," ಎಂದಳು ಡಾರ್ಕಸ್. "ನನ್ನ ಕೋಳಿ ಕದಿಯಕ್ಕೆ ಬಂದು ಬೇಲಿ ಮೇಲ್ ಬಿದ್ದಿದ್ದು."

ಕೆಜಾಯಾ ನಕ್ಕಳು, ಅತ್ತಳು. ಆದರೆ ಹುಟ್ಟೂರು ಬರೆದ ಚೂರೇ ಸಿಗಲಿಲ್ಲ. ಅದಿಲ್ಲದೆ ಮಿಕ್ಕಿದ್ದು ಯಾತಕ್ಕೂ ಬಾರದು. ಆಗ ಹೆಪ್ಸಿಬಾ ಎಂಬಾಕೆ ಮೆಲ್ಲಗೆ ಬಾಯಿಬಿಟ್ಟಳು. "ನಂದು ಮಗಳ ಬಾಣಂತನಕ್ಕೆ ಕೊಟ್ಟೀನಿ ಕಣೇ." ಅಷ್ಟು ಹೇಳಿ ಶಾಲು ಬಿಗಿದುಕೊಂಡು ಪಕ್ಕದೂರಿನ ಮರಳುದಾರಿ ಹಿಡಿದಳು. ಮರುದಿನ ಬಾಣಂತಿಯ ಕೌದಿಯನ್ನೇ ಹೊತ್ತು ತಂದಳು. ಊರಿನ ಹೆಸರು ಅದರಲ್ಲಿತ್ತು.

ಚೂರುಗಳನ್ನು ಹಾಯಿಬಟ್ಟೆಯ ಮೇಲೆ ಜೋಡಿಸಿ ಹೊಲಿದರು. ಪೀಲೆಗ್ ಹಿಂದೆಮುಂದೆ ತಿರುಗಿಸಿ ನೋಡಿ, ಹೊಲಿಗೆಯ ಮೇಲೇ ಮೊಹರು ಒತ್ತಿ, ಇಂಗ್ಲೆಂಡಿಗೆ ಹೊರಟ ಮೊದಲ ಹಡಗಿನಲ್ಲಿ ಕಳಿಸಿದ.

ಮುಂದಿನ ಬೇಸಿಗೆಯಲ್ಲಿ ಜೇಬೆಜ್ ಬಂದ, ಬಡಕಲಾಗಿ. ಅಕ್ಕ ಬಡಿಸಿದ ಮೀನುಸಾರು ಉಂಡು, ನಡೆದದ್ದನ್ನೆಲ್ಲ ಕೇಳಿದ. ಆಮೇಲೆ ಕೊಡಲಿ ತೆಗೆದುಕೊಂಡು ಹೆಪ್ಸಿಬಾಳ ಅಂಗಳಕ್ಕೆ ನಡೆದ. ಕೌದಿ ಬಿಚ್ಚಿದ ಒಂದೊಂದು ಮನೆಗೂ ಚಳಿಗಾಲಕ್ಕಾಗುವಷ್ಟು ಸೌದೆ ಒಡೆದ. ಕೆಜಾಯಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅವನ ಹಿಂದೆಯೇ ಹೋದಳು. ಅವನು ಹೊರಗೆ ಸೌದೆ ಒಡೆಯುತ್ತಿದ್ದರೆ, ಅವಳು ಒಳಗೆ ಕೂತು ಆ ಮನೆಯ ಕೌದಿಯನ್ನು ಮತ್ತೆ ಹೊಲಿದುಕೊಟ್ಟಳು.