ಕಲಸಿದವಳಿಗೆ ಮೊದಲ ಹಪ್ಪಳ

ಪಕ್ಕದ ಮನೆಯವರು ಇವತ್ತು ಒಣಮೆಣಸಿನಕಾಯಿ ಹುರಿದರು. ಹುರಿದದ್ದು ಅವರು, ಸೀನಿದ್ದು ನಾನು. ಆರು ಸಲ ಸೀನಿ ಏಳನೆಯದಕ್ಕೆ ಕಾಯುತ್ತಾ ಕೂತಾಗ ರುದ್ರಮ್ಮಜ್ಜಿ ನೆನಪಾದರು. ನಗಬೇಡಿ. ಕೆಲವರನ್ನು ದೀಪ ಹಚ್ಚಿ ನೆನೆಯುತ್ತೇವೆ, ಕೆಲವರನ್ನು ಮೂಗೊರೆಸಿಕೊಳ್ಳುತ್ತಾ.

ಮಹಾರಾಜರ ಕಾಲದ ಮಾತು. ನಾನು ಪಾವಗಡದಿಂದ ಮಧುಗಿರಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಹಪ್ಪಳ ಮಾತ್ರ ಎಲ್ಲ ಹೆಂಗಸರದೂ. ಯಾರೂ ಕರೆಯಬೇಕಾಗಿರಲಿಲ್ಲ, ಬೆಳಗಿನ ಕೆಲಸ ಮುಗಿಸಿ, ಮಣೆ ಲಟ್ಟಣಿಗೆ ಕಂಕುಳಲ್ಲಿಟ್ಟುಕೊಂಡು ಬಂದು ಕೂರುವುದು. ಹತ್ತು ಜನ ಹೆಂಗಸರು ಕೂತಲ್ಲಿ ಇಪ್ಪತ್ತು ಅಭಿಪ್ರಾಯ ಹುಟ್ಟುತ್ತವಲ್ಲ, ಅದಕ್ಕೇ ಒಂದು ಕಟ್ಟಳೆ ಇತ್ತು. ಮೊದಲು ಒತ್ತಿದ ಹಪ್ಪಳವನ್ನು ಬಿಸಿಲಲ್ಲಿ ಒಣಗಿಸಿ, ಕೆಂಡದ ಮೇಲೆ ಸುಟ್ಟು, ಹಿಟ್ಟು ಕಲಸಿದವಳಿಗೇ ಕೊಡಬೇಕು. ಅವಳು ರುಚಿ ಹೇಳುವ ತನಕ ಮಿಕ್ಕವರು ತುಟಿ ಬಿಚ್ಚುವಂತಿಲ್ಲ.

ನಮ್ಮ ಬೀದಿಗೇ ಹಿರಿಯರಾದ ರುದ್ರಮ್ಮಜ್ಜಿಯ ಮೊಮ್ಮಗಳ ಮದುವೆಗೆ ಕಲಸುವ ಸರದಿ ನನ್ನದಾಯಿತು. ಗಂಡಿನ ಕಡೆಯವರು ಸಿರಾದವರು, ಊಟದಲ್ಲಿ ಕೊಂಕು ತೆಗೆಯುವವರೆಂದು ಸುದ್ದಿ. ಹಪ್ಪಳ ಕೆಟ್ಟರೆ ಅಜ್ಜಿಯ ಮಾನ ಹೋಗುತ್ತಿತ್ತು. ಕೆಡಿಸಿದವಳು ಪಾವಗಡದ ಸೊಸೆ ಎಂಬ ಹೆಸರು ನನಗೆ ಸಾಯುವ ತನಕ ಅಂಟುತ್ತಿತ್ತು. ನನಗೋ ತವರಿನ ಜಂಬ. ಮೆಣಸಿನಪುಡಿಯನ್ನು ನಮ್ಮಮ್ಮನ ಅಳತೆಯಲ್ಲಿ ಧಾರಾಳವಾಗಿ ಸುರಿದೆ. ಹಿಟ್ಟು ಕುಟ್ಟಲು ಒನಕೆ ಹಿಡಿದಿದ್ದ ಪಕ್ಕದ ಮನೆಯ ಸಾಕಮ್ಮ ಸೀನತೊಡಗಿದಳು.

"ಯಾಕೆ ಸಾಕಕ್ಕ?" ಅಂದೆ.

"ಏನಿಲ್ಲ ಕಣಮ್ಮ, ನೆಗಡಿ," ಅಂದಳು ಕಣ್ಣೊರೆಸಿಕೊಂಡು.

ಮೊದಲ ಹಪ್ಪಳ ಕೈಗೆ ಬಂತು. ಕಚ್ಚಿದೆ. ಕಿವಿಯೊಳಗಿಂದ ಹೊಗೆ ಹೊರಟಂತಾಯಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಗ ನಿಜ ಹೇಳಿದ್ದರೆ ನಿಮಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

"ಸರಿಯಾಗೈತೆ," ಅಂದೆ. ಕಣ್ಣಲ್ಲಿ ಮಾತ್ರ ನೀರು ಧಾರಾಕಾರ.

"ಯಾಕಮ್ಮ, ತವರು ನೆಪ್ಪಾಯ್ತಾ?" ಎಂದರು ರುದ್ರಮ್ಮಜ್ಜಿ.

"ಹೂಂ ಅಜ್ಜಿ."

"ಆಗ್ಲಿ ಬುಡು. ಒತ್ರಮ್ಮ ಎಲ್ರೂವೆ."

ಒತ್ತಿದರು. ಸ್ವಲ್ಪ ಹೊತ್ತಿಗೆ ಅಂಗೈಗಳು ಉರಿಯತೊಡಗಿದವು. ಒಬ್ಬಳು ಮಜ್ಜಿಗೆಗೆ ಕೈ ಅದ್ದಿದಳು, ಇನ್ನೊಬ್ಬಳು ಉಫ್ ಉಫ್ ಎಂದು ಊದಿಕೊಂಡಳು, ಸಾಕಮ್ಮನ ನೆಗಡಿ ಪಡಸಾಲೆಗೆಲ್ಲ ಹರಡಿತು. ಯಾರಾದರೂ ಒಂದು ಮಾತು ಆಡಿದ್ದರೆ ನಾನು ನಾಲ್ಕು ಆಡಿ, ಮಣೆ ಎತ್ತಿಕೊಂಡು ಹೊರಡುತ್ತಿದ್ದೆ. ಆ ನಾಲ್ಕೂ ನನ್ನ ಬಾಯಲ್ಲಿ ತಯಾರಾಗಿದ್ದವು. ಆದರೆ ಬೈಯದವರ ಜೊತೆ ಜಗಳವಾಡುವುದು ಹೇಗೆ? ಈ ಯೋಚನೆಯಲ್ಲಿ ಮೈಮರೆತು ಕಣ್ಣುಜ್ಜಿಕೊಂಡೆ.

"ಅಮ್ಮೋ, ಮಂಟ!" ಎಂದು ತವರಿನ ತೆಲುಗಿನಲ್ಲೇ ಚೀರಿದೆ. ಆಮೇಲೆ ತಲೆ ತಗ್ಗಿಸಿ ಕನ್ನಡಕ್ಕೆ ಬಂದೆ. "ಉರಿ ಅಜ್ಜಿ. ಖಾರ ಅತಿಯಾಗೈತೆ. ಆಗ್ಲೇ ಗೊತ್ತಿತ್ತು, ಸುಳ್ಳು ಹೇಳ್ಬುಟ್ಟೆ."

ಅಜ್ಜಿ ಎದ್ದು ಒಳಗೆ ಹೋದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಹೊರಬಂದದ್ದು ಒದ್ದೆ ಬಟ್ಟೆ ಮುಚ್ಚಿದ ಬೋಗುಣಿಯ ಜೊತೆ. ಅದರಲ್ಲಿ ಮೆಣಸಿನಪುಡಿ ಸೋಕದ ಹಿಟ್ಟು, ನಾದಿ ಸಿದ್ಧವಾಗಿತ್ತು. ಸಾಕಮ್ಮ ಸೀನಿದಾಗಲೇ ಕಲಸಿಟ್ಟಿದ್ದರಂತೆ.

"ಮಿಕ್ಕಿರೋ ಹಿಟ್ಟಿಗೆ ಇದ್ನ ಸೇರ್ಸಿ ಕುಟ್ರಮ್ಮ, ಹದವಾಯ್ತದೆ. ಒತ್ತಿರೋವು ಸಿರಾದೋರಿಗೆ ಬ್ಯಾಡ, ನಾವೇ ತಿನ್ನಾನ."

"ಗೊತ್ತಿದ್ದೂ ಯಾಕಜ್ಜಿ ಹೇಳ್ಲಿಲ್ಲ?" ಎಂದೆ. ಅಳು ಬಂದಿತ್ತು, ಈ ಸಲ ಖಾರಕ್ಕಲ್ಲ.

"ಹೇಳಿದ್ರೆ ಎದ್ದು ಹೋಗ್ಬುಡ್ತಿದ್ದೆ. ಹಿಟ್ಟು ಇನ್ನೊಂದು ಕಿತ ಕಲಸ್ಬೋದು ಕಣಮ್ಮ. ಮುನಿಸ್ಕೊಂಡು ಹೋದೋಳ್ನ ಎಲ್ಲಿಂದ ತರಾನ?"

ಈಗ ನಮ್ಮ ಮಹಿಳಾ ಸಮಾಜದಲ್ಲಿ ನಾನೇ ಹಿರಿಯಳು, ತಪ್ಪು ಹುಡುಕುವುದರಲ್ಲೂ ಹಿರಿಯಳು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಪ್ರಾರ್ಥನೆಗೆ ಶ್ರುತಿಯೇ ಇಲ್ಲವೆಂದು ಮೊನ್ನೆ ಎಲ್ಲರೆದುರು ಅಂದುಬಿಟ್ಟೆ. ಶ್ರುತಿ ಇರಲಿಲ್ಲ, ಅದು ನಿಜ. ನಿನ್ನೆ ಅವಳು ಬರಲಿಲ್ಲ, ಅದೂ ನಿಜ. ಅವಳ ಮನೆ ದಿಬ್ಬದ ಮೇಲಿದೆ, ನನಗೆ ಮೊಣಕಾಲು ನೋವು. ಆದರೂ ಹೊರಟಿದ್ದೇನೆ. ಅವಳು ಏನಂದರೂ ಬಾಯಿ ಮುಚ್ಚಿಕೊಂಡು ಕೇಳುತ್ತೇನೆಂದು ಶಪಥ ಮಾಡಿದ್ದೇನೆ; ದಿಬ್ಬ ಹತ್ತಿ ಮುಗಿಯುವ ತನಕವಾದರೂ ಅದು ಉಳಿಯಲಿ.